ವಿಗನ್: ಮೂರೇ ದಿನದಲ್ಲಿ ಕಪ್ ಬಂತು, ಲೀಗು ಹೋಯಿತು

2012ರಲ್ಲಿ ಮ್ಯಾಂಚೆಸ್ಟರ್‌ಗೆ ಕೆಲಸಕ್ಕೆ ಹೋದಾಗ, ಬಾಡಿಗೆ ಕಡಿಮೆ ಅಂತ ವಿಗನ್‌ನಲ್ಲಿ ಮನೆ ಹಿಡಿದಿದ್ದೆ. ವಾಲ್‌ಗೇಟ್ ಸ್ಟೇಷನ್ನಿನಿಂದ ದಿನಾ ರೈಲು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರೇ ಇದ್ದರು. ವಿಗನ್ ಅಥ್ಲೆಟಿಕ್ ಕ್ಲಬ್ಬು 1978ರಲ್ಲಿ ಫುಟ್‌ಬಾಲ್ ಲೀಗಿಗೆ ಸೇರುವುದಕ್ಕೂ ಮೊದಲಿನಿಂದ, ಹಳೇ ಸ್ಪ್ರಿಂಗ್‌ಫೀಲ್ಡ್ ಪಾರ್ಕ್ ಮೈದಾನದಲ್ಲಿ ನಿಂತುಕೊಂಡು ಆಟ ನೋಡಿದವರು. ಆ ಊರು ನಿಜಕ್ಕೂ ರಗ್ಬಿ ಊರು. ಕಾಲುವೆ ಪಕ್ಕದ, ಆಗ ಡಿಡಬ್ಲ್ಯು ಅನ್ನುತ್ತಿದ್ದ ಸ್ಟೇಡಿಯಂ ಕೂಡ ರಗ್ಬಿ ತಂಡದ ಜೊತೆ ಹಂಚಿಕೊಂಡದ್ದು. ಅಂಥ ಊರಿನಲ್ಲಿ ಫುಟ್‌ಬಾಲನ್ನೇ ಹಿಡಿದು ಕೂತ ಜನರಿಗೆ ಒಂದು ಹಟ ಇರುತ್ತದೆ. ಆ ಹಟ ಅವರಿಂದ ನನಗೂ ಅಂಟಿಕೊಂಡಿತು.

ನಾನು ಸ್ಟೇಡಿಯಂನಲ್ಲಿ ಕೂತು ನೋಡಿದ ಮೊದಲ ಪಂದ್ಯ ಲೀಗ್ ಕಪ್‌ನದು, ಅಕ್ಟೋಬರ್ ಕೊನೆಯ ಚಳಿಯಲ್ಲಿ. ಎದುರಾಳಿ ಬ್ರಾಡ್‌ಫರ್ಡ್ ಸಿಟಿ, ನಾಲ್ಕನೇ ಡಿವಿಷನ್ನಿನ ತಂಡ. 120 ನಿಮಿಷ ಆಡಿದರೂ ಗೋಲಿಲ್ಲ, ಪೆನಾಲ್ಟಿಯಲ್ಲಿ ನಾವು ಸೋತೆವು. ಮನೆಗೆ ಬರುವವರೆಗೂ ಅಜ್ಜ ಮಾತಾಡಲಿಲ್ಲ. ಅದೇ ಬ್ರಾಡ್‌ಫರ್ಡ್ ಮುಂದೆ ಆರ್ಸೆನಲನ್ನೂ ಆಸ್ಟನ್ ವಿಲ್ಲಾವನ್ನೂ ದಾಟಿ ಫೈನಲ್ ಸೇರಿತು ಅನ್ನುವುದು ಬೇರೆ ಮಾತು.

ನವೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಆಡುವಾಗ ಮಿಡ್‌ಫೀಲ್ಡರ್ ಬೆನ್ ವಾಟ್ಸನ್ ಕಾಲು ಮುರಿದುಕೊಂಡ. ಡಿಫೆನ್ಸ್‌ನಲ್ಲಿ ಒಬ್ಬರಾದ ಮೇಲೊಬ್ಬರು ಗಾಯವಾಗಿ ಹೊರಗೆ ಕೂತರು. ಇಂಗ್ಲೆಂಡಿನ ಮೊದಲ ಡಿವಿಷನ್ನಾದ ಪ್ರೀಮಿಯರ್ ಲೀಗಿನಲ್ಲಿ ವಾರ ವಾರವೂ ಗೋಲು ಬಿಡುತ್ತಲೇ ಹೋದೆವು. ಅಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಆದರೂ ಅಜ್ಜನಿಗೆ ಭಯವಿರಲಿಲ್ಲ. ಯುಗಾದಿ ಹೊತ್ತಿಗೆ ಮಾವು ಚಿಗುರುವ ಹಾಗೆ, ಮ್ಯಾನೇಜರ್ ರಾಬರ್ಟೊ ಮಾರ್ಟಿನೆಜ್ ಕೈಯಲ್ಲಿ ಈ ತಂಡ ಮಾರ್ಚ್ ಬಂದರೆ ಚಿಗುರುತ್ತಿತ್ತು. 2011ರಲ್ಲಿ ಕೊನೆಯ ದಿನ ಸ್ಟೋಕ್‌ನಲ್ಲಿ ಗೆದ್ದು ಉಳಿದಿದ್ದರು. 2012ರಲ್ಲಿ ಕೊನೆಯ ಒಂಬತ್ತರಲ್ಲಿ ಏಳು ಗೆದ್ದರು. ಮ್ಯಾಂಚೆಸ್ಟರ್ ಯುನೈಟೆಡ್ಡೂ ಆರ್ಸೆನಲ್ಲೂ ಆ ಏಳರಲ್ಲಿ ಸೇರಿದ್ದವು.

ಈ ಸಲ ಚಿಗುರಿದ್ದು ಎಫ್.ಎ. ಕಪ್‌ನಲ್ಲಿ, ಅಂದರೆ ದೊಡ್ಡ ಸಣ್ಣ ಕ್ಲಬ್ಬುಗಳೆಲ್ಲ ಆಡುವ, ಸೋತವರು ಹೊರಬೀಳುವ ಟೂರ್ನಿಯಲ್ಲಿ. ಶುರು ಸಪ್ಪೆಯಾಗಿತ್ತು. ಬೋರ್ನ್‌ಮತ್ ವಿರುದ್ಧ ಡ್ರಾ, ಮರುಪಂದ್ಯದಲ್ಲಿ ಒಂದೇ ಗೋಲಿನ ಗೆಲುವು. ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಪೆನಾಲ್ಟಿಯಿಂದ ಒಂದು ಗೋಲು. ಆಮೇಲೆ ಹಡರ್ಸ್‌ಫೀಲ್ಡ್ ವಿರುದ್ಧ 4-1. ಮಾರ್ಚ್‌ನಲ್ಲಿ ಎವರ್ಟನ್ ತಂಡದ ಮೈದಾನಕ್ಕೇ ಹೋಗಿ ನಾಲ್ಕೇ ನಿಮಿಷದೊಳಗೆ ಮೂರು ಗೋಲು! ಸೆಮಿಫೈನಲ್‌ನಲ್ಲಿ ಮಿಲ್‌ವಾಲ್ ವಿರುದ್ಧ 2-0. 1932ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಎಫ್.ಎ. ಕಪ್ ಫೈನಲ್.

ಫೈನಲಿಗೆ ನಾಲ್ಕು ದಿನ ಮೊದಲು, ಮೇ 7ರಂದು ನಮ್ಮದೇ ಮೈದಾನದಲ್ಲಿ ಸ್ವಾನ್ಸೀ ವಿರುದ್ಧ ಎರಡು ಸಲ ಮುಂದಿದ್ದೂ 3-2ರಲ್ಲಿ ಸೋತೆವು. ವಾಟ್ಸನ್ ಗಾಯದಿಂದ ಎದ್ದು ಬಂದಿದ್ದ, ಅದೊಂದೇ ಸಮಾಧಾನ.

ಮೇ 11ರ ಸಂಜೆ ಅಜ್ಜನ ಮನೆಯಲ್ಲಿ ಟಿವಿ ಮುಂದೆ ಕೂತೆವು. ಟಿಕೆಟ್ ಕೊಳ್ಳಬಹುದಿತ್ತು, ಆದರೆ ವೆಂಬ್ಲಿಯ ಮೆಟ್ಟಿಲು ಹತ್ತಲು ಅವರ ಮೊಣಕಾಲು ಕೇಳುತ್ತಿರಲಿಲ್ಲ. ಎದುರಿಗೆ ಹಿಂದಿನ ವರ್ಷದ ಲೀಗ್ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ. ಕ್ಲಬ್ಬಿನ ಯಜಮಾನ ಡೇವ್ ವೇಲನ್ ತಂಡದ ಜೊತೆ ಮೈದಾನಕ್ಕೆ ನಡೆದು ಬಂದರು. 1960ರ ಫೈನಲಿನಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡುತ್ತಾ ಇದೇ ಜಾಗದ ಹಳೇ ವೆಂಬ್ಲಿಯಲ್ಲಿ ಕಾಲು ಮುರಿದುಕೊಂಡವರು ಅವರು. ಆಗ ಬದಲಿ ಆಟಗಾರರ ಪದ್ಧತಿಯೇ ಇರಲಿಲ್ಲ. ಹತ್ತು ಜನ ಆಡಿ 3-0ಯಲ್ಲಿ ಸೋತರು. 53 ವರ್ಷದ ಮೇಲೆ ಅವರು ಮತ್ತೆ ಅಲ್ಲಿಗೇ ಬರುವುದನ್ನು ನೋಡಿ ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

ಮಳೆ. ನಮ್ಮ ಕ್ಯಾಲಮ್ ಮ್ಯಾಕ್‌ಮನಮನ್ ಸಿಟಿಯ ಡಿಫೆಂಡರುಗಳನ್ನು ಎಡಕ್ಕೆ ಬಲಕ್ಕೆ ಓಡಾಡಿಸಿದ; ಅವನನ್ನು ತಡೆಯಲು ಹೋಗಿ ಅವರ ಜಬಲೇಟಾಗೆ ರೆಡ್ ಕಾರ್ಡ್. ಅಷ್ಟರಲ್ಲಿ 81ನೇ ನಿಮಿಷಕ್ಕೆ ವಾಟ್ಸನ್‌ನನ್ನು ಇಳಿಸಿದ್ದರು. ಇಂಜುರಿ ಟೈಮ್‌ನಲ್ಲಿ ಶಾನ್ ಮಲೋನಿ ಕಾರ್ನರ್ ಹೊಡೆದ, ಹತ್ತಿರದ ಕಂಬದ ಕಡೆ ವಾಟ್ಸನ್ ಹಾರಿದ. ಚೆಂಡು ತಲೆಗೆ ಸವರಿ ಗೋಲ್‌ಕೀಪರ್ ಮೇಲಿಂದ ಬಲೆಗೆ ಬಿತ್ತು. 1-0. ನೆಟ್ಟಗೆ ನಡೆಯಲು ಕಷ್ಟಪಡುತ್ತಿದ್ದ ಅಜ್ಜ ಕುರ್ಚಿಯಿಂದ ಹೇಗೆ ಎದ್ದರೋ ನಾನು ನೋಡಲಿಲ್ಲ. ನೋಡುವಾಗ ಅವರು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಕಾಲು ಮುರಿದ ಯಜಮಾನನಿಗೆ, ಕಾಲು ಮುರಿದು ಎದ್ದ ಹುಡುಗನಿಂದ ಕಪ್ಪು.

ಮೂರು ದಿನದ ಮೇಲೆ, ಮೇ 14ರಂದು ಆರ್ಸೆನಲ್ ಮೈದಾನದಲ್ಲಿ ಲೀಗ್ ಪಂದ್ಯ. ಉಳಿಯಬೇಕಾದರೆ ಸೋಲುವಂತಿರಲಿಲ್ಲ. ಮಲೋನಿಯ ಫ್ರೀ ಕಿಕ್‌ನಿಂದ ಅರ್ಧ ಹೊತ್ತಿಗೆ 1-1. ಆಮೇಲೆ ಕಾಲುಗಳಲ್ಲಿ ಕಸುವಿರಲಿಲ್ಲ. ಹನ್ನೊಂದು ದಿನದಲ್ಲಿ ಅದು ನಾಲ್ಕನೇ ಪಂದ್ಯ. 4-1. ಎಂಟು ವರ್ಷದ ಪ್ರೀಮಿಯರ್ ಲೀಗ್ ಬದುಕು ಆ ರಾತ್ರಿ ಮುಗಿಯಿತು. ಎಫ್.ಎ. ಕಪ್ ಗೆದ್ದ ಸೀಸನ್ನಿನಲ್ಲೇ ಕೆಳಗಿಳಿದ ಮೊದಲ ಕ್ಲಬ್ಬು ನಮ್ಮದು.

ಕಪ್ಪಿನ ಹಿಂದೆ ಬಿದ್ದು ಲೀಗು ಕಳೆದುಕೊಂಡರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 38 ಪಂದ್ಯದಲ್ಲಿ 73 ಗೋಲು ಬಿಟ್ಟವರು ಮೇ ತಿಂಗಳ ಸುಸ್ತಿನಿಂದ ಮಾತ್ರ ಇಳಿಯಲಿಲ್ಲ. ಗೆದ್ದದ್ದು ಒಂಬತ್ತು, ಅಂಕ 36, ಜಾಗ 18ನೆಯದು. ಚಳಿಗಾಲದ ಎಷ್ಟೋ ಶನಿವಾರಗಳಲ್ಲಿ ಆ ಸೋಲನ್ನು ಕೂಡಿಸಿಟ್ಟಿದ್ದೆವು. ಕಪ್ಪು ಇಲ್ಲದಿದ್ದರೆ ಬರೀ ಇಳಿಯುತ್ತಿದ್ದೆವು, ಅಷ್ಟೇ.

ಕಪ್ ಗೆದ್ದದ್ದಕ್ಕೆ ಯುರೋಪಿನ ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಆಡುವ ಯುರೋಪಾ ಲೀಗಿನಲ್ಲಿ ಜಾಗ ಸಿಕ್ಕಿತು, ಎರಡನೇ ಡಿವಿಷನ್ನಿನಲ್ಲಿ ಆಡುತ್ತಲೇ. ಎದುರಾಳಿಗಳು ಯಾರು ಅನ್ನುವ ಡ್ರಾ ಎತ್ತಿದ ಸಂಜೆ ಅಜ್ಜ ನನ್ನ ಬಾಗಿಲು ತಟ್ಟಿದರು. ರಷ್ಯಾದ ರುಬಿನ್ ಕಜಾನ್, ಸ್ಲೊವೇನಿಯಾದ ಮಾರಿಬೋರ್, ಬೆಲ್ಜಿಯಂನ ಜುಲ್ಟೆ ವಾರೆಗೆಮ್ ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಲ್ಯಾಪ್‌ಟಾಪಿನಲ್ಲಿ ಮ್ಯಾಪ್ ತೆಗೆದು ಮೂರನ್ನೂ ತೋರಿಸಿದೆ. ಬೆಲ್ಜಿಯಂ ಮೇಲೆ ಬೆರಳಿಟ್ಟು, “ಇದಾದರೆ ರೈಲಿನಲ್ಲೇ ಹೋಗಬಹುದು, ಅಲ್ವಾ?” ಅಂದರು. ಆಮೇಲೆ ಕೋಟಿನ ಜೇಬಿನಿಂದ ಪಾಸ್‌ಪೋರ್ಟ್ ಅರ್ಜಿ ತೆಗೆದು ನನ್ನ ಮುಂದಿಟ್ಟರು, ತುಂಬಿಕೊಡು ಅಂತ.