ಕವರತ್ತಿಯ ಕಪ್ಪು ಮಚ್ಚೆ ಕೊನೆಗೂ ಹುಲ್ಲಾಯ್ತು

ಎರಡು ಮೀಟರ್! ಲಕ್ಷದ್ವೀಪದ ಕವರತ್ತಿ ಲಗೂನಿನ (ಹವಳದ ದಿಬ್ಬದೊಳಗಿನ ಕಡಲ ಕೊಳದ) ಆ ಕಪ್ಪು ಮಚ್ಚೆಯ ಆಳ ಬರೀ ಎರಡು ಮೀಟರ್. ಉಪಗ್ರಹ ಚಿತ್ರದಿಂದ ನಾನು ಮಾಡಿದ ಆಳದ ನಕ್ಷೆ ಮಾತ್ರ ಆರು ಅಂತ ಹಟ ಹಿಡಿದು ಕೂತಿತ್ತು.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸೋದು, ಮೋಡ ತೆಗೆಯೋದು, ನೀರಿನ ಮೇಲಿನ ಬಿಸಿಲ ಹೊಳಪು ಕಳೆಯೋದು ಎಲ್ಲ ಮಾಮೂಲಿ ಕೆಲಸ, ಬಿಡಿ. ಮಂಗಳೂರು ಬಿಟ್ಟು ಲಕ್ಷದ್ವೀಪ ಯಾಕೆ ಅಂದ್ರೆ, ನೇತ್ರಾವತಿ ತಂದು ಸುರಿಯೋ ಮಣ್ಣಿನಲ್ಲಿ ಉಪಗ್ರಹಕ್ಕೆ ತಳವೇ ಕಾಣಲ್ಲ. ಮೈಸೂರಿನ ಕುವೆಂಪುನಗರದ ಮಹಡಿ ಮೇಲೆ ಕೂತು ಚಿತ್ರ ನೋಡೋನಿಗೆ ಎರಡೂ ಒಂದೇ ದೂರ.

ತಲೆನೋವು ಇದ್ದದ್ದು ಲೈಜೆಂಗಾ ವಿಧಾನದಲ್ಲಿ. 1978ರದ್ದು, ಚಿತ್ರದ ಹೊಳಪಿನ ಲಾಗರಿದಮ್ ತೆಗೆದು ಆಳ ಹೇಳುತ್ತೆ: ಹೊಳಪು ಕಡಿಮೆಯಾದಷ್ಟೂ ಆಳ ಜಾಸ್ತಿ. ಬಿಳಿ ಮರಳಿನ ಮೇಲೆ ಚೆನ್ನಾಗೇ ನಡೆಯುತ್ತೆ. ಕಡಲಹುಲ್ಲು ಸಿಕ್ಕಿತೋ, ಕಪ್ಪಗಿದೆ ಅಂದ್ಮೇಲೆ ಆಳ ಅಂತ ತೀರ್ಪು ಕೊಟ್ಟುಬಿಡುತ್ತೆ. ಯೋಜನೆ ಹಾಕೋರು ಇದನ್ನ ನಂಬಿ ಅಲ್ಲೇ ದೋಣಿದಾರಿ ಎಳೀತಾರೆ. ಮರಿಮೀನು ಬೆಳೆಯೋ ಹುಲ್ಲು ಲೆಕ್ಕದಲ್ಲಿ ಸೊನ್ನೆ.

ಗಂಟು ಬಿಡಿಸಿದ್ದು ಇನ್ನೊಂದು ಉಪಗ್ರಹ, ಐಸ್‌ಸ್ಯಾಟ್-2. ನಾಸಾ 2018ರಲ್ಲಿ ಹಾರಿಸಿದ್ದು ಮುಖ್ಯವಾಗಿ ಹಿಮದ ಎತ್ತರ ಅಳೆಯೋಕೆ, ಆದರೆ ಅದರ 532 ನ್ಯಾನೋಮೀಟರಿನ ಹಸಿರು ಲೇಸರ್ ತಿಳಿನೀರನ್ನೂ ಹೊಕ್ಕು ತಳ ಮುಟ್ಟಿ ಬರುತ್ತೆ. ಪುಣ್ಯಕ್ಕೆ ಒಂದು ಪಥ ಸರಿಯಾಗಿ ಮಚ್ಚೆಯ ಮೇಲೇ ಹಾದಿತ್ತು. ಅದರ ಎಟಿಎಲ್03 ಕಡತದಲ್ಲಿರೋ, ಮರಳಿ ಬಂದ ಬೆಳಕಿನ ಕಣ ಅಂದ್ರೆ ಫೋಟಾನ್‌ಗಳನ್ನ ಗ್ರಾಫಿನಲ್ಲಿ ಹರಡಿದರೆ ಮೇಲೆ ದಪ್ಪ ಗೆರೆ, ಅದು ನೀರಿನ ಮೇಲ್ಮೈ; ಕೆಳಗೆ ಚದುರಿದ ಚುಕ್ಕೆಗಳ ಇನ್ನೊಂದು ಗೆರೆ, ಅದು ತಳ. ಮರಳು ದಾಟಿ ಮಚ್ಚೆಯೊಳಗೆ ಹೋದರೂ ಆ ಕೆಳಗಿನ ಗೆರೆ ಒಂದಿಷ್ಟೂ ಇಳಿಯಲಿಲ್ಲ. (ನೀರಲ್ಲಿ ಬೆಳಕು ನಿಧಾನ, ಹಾಗಾಗಿ ಆಳ ಜಾಸ್ತಿ ಅಂತ ತೋರುತ್ತೆ; ಬಂದ ಆಳವನ್ನ 0.75ರಿಂದ ಗುಣಿಸಿ.) ಮರಳಿಗೊಂದು, ಹುಲ್ಲಿಗೊಂದು ಸಮೀಕರಣ ಬೇರೆ ಬೇರೆ ಕಟ್ಟಿದೆ, ಗುಂಡಿ ಮಾಯ! ಪಾಚಿ ಹಿಡಿದ ಹವಳದ ಚೂರುಗಳು ಮಾತ್ರ ಈಗಲೂ ಹುಲ್ಲಿನ ವೇಷದಲ್ಲೇ ಇವೆ.

ಈ ಹುಲ್ಲು ಮಾಡೋ ಉಪಕಾರಕ್ಕೆ ದುಡ್ಡಿನಲ್ಲಿ ಬೆಲೆ ಕಟ್ಟೋ ಕೆಲಸ ಇನ್ನೊಂದು ರಗಳೆ. ಪ್ರಕೃತಿಯ ಸೇವೆಗಳಿಗೆ ಬೆಲೆ ಕಟ್ಟಿದ 1997ರ ಕೊಸ್ಟಾಂಜಾ ತಂಡದ ಕೋಷ್ಟಕದಲ್ಲಿ ಕಡಲಹುಲ್ಲು, ಪಾಚಿಹಾಸಿಗೆ ಹೆಕ್ಟೇರಿಗೆ ವರ್ಷಕ್ಕೆ 19,004 ಡಾಲರ್. ಉಪಗ್ರಹ ಚಿತ್ರದ ಹತ್ತು ಮೀಟರ್ ಅಗಲದ ಚೌಕ, ಅಂಥ ನೂರು ಪಿಕ್ಸೆಲ್ ಅಂದ್ರೆ ಒಂದು ಹೆಕ್ಟೇರ್, ಗುಣಿಸಿದರೆ ಮುಗೀತು. ನನಗೇನೋ ಒಗ್ಗಲ್ಲ: ದಟ್ಟ ಹುಲ್ಲಿಗೂ ಕಡಲಾಮೆ ಮೇದು ಬೋಳಾದ ಹುಲ್ಲಿಗೂ ಒಂದೇ ದರ. ಮದ್ದೂರಿನ ಗೆಳೆಯನ ಪ್ರಶ್ನೆ ಬೇರೆ: "ಅಲ್ಲ ಕಣ್ಲಾ, ಸಮುದ್ರದ ಹುಲ್ಲಿಗೇ ಇಷ್ಟು ಅಂದ್ರೆ ನಮ್ ಕಬ್ಬಿಗೆ ಎಷ್ಟು ಕಟ್ಟೀಯ?"

ಮುಂದಿನ ಸರದಿ ಪಾಂಡವಪುರದ ತೊಣ್ಣೂರು ಕೆರೆ. ತಿಳಿನೀರು, ಹತ್ತಿರ, ಕೈಯಾರೆ ಅಳೆದು ತಾಳೆ ನೋಡಬಹುದು. ಅದಕ್ಕೇ ಶಬ್ದ ಬಳಸಿ ನೀರಿನ ಆಳ ಹೇಳೋ ಫಿಶ್‌ಫೈಂಡರ್ ತರಿಸಿದರೆ ಪೆಟ್ಟಿಗೆಯಲ್ಲಿ ಪರದೆ ಇದೆ, ನೀರಿಗೆ ಇಳಿಸಿ ಶಬ್ದ ಕಳಿಸೋ ಟ್ರಾನ್ಸ್‌ಡ್ಯೂಸರ್ ಇಲ್ಲ! ಅಂಗಡಿಯವನಿಗೆ ಫೋನ್ ಮಾಡಿದರೆ "ಅದು ಬೇರೆ ಐಟಂ ಸರ್" ಅಂತಾನೆ ಪುಣ್ಯಾತ್ಮ. ತೆಪ್ಪದವರು ಭಾನುವಾರ ಬಿಟ್ಟು ಯಾವತ್ತು ಬೇಕಾದ್ರೂ ಬನ್ನಿ ಅಂದಿದ್ದಾರೆ. ನನಗೆ ರಜಾ ಇರೋದೇ ಭಾನುವಾರ.