ಆಕ್ಷೇಪಣೆ ಹೇಳಲು ಹೋದ ದಿನ

1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(2)ನೇ ಕಲಮಿನಡಿ, ಕೈಗಾರಿಕೆಗಾಗಿ ನಮ್ಮ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ನೋಟಿಸು ನಮ್ಮ ಮನೆಗೆ ಬಂದದ್ದು ತಾತನ ಹೆಸರಿಗೆ. ತಾತ ತೀರಿಕೊಂಡು ಬಹಳ ಕಾಲವಾಗಿತ್ತು. ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದೆ ಪಹಣಿ ಅವರ ಹೆಸರಿನಲ್ಲೇ ಉಳಿದಿತ್ತು. ನೋಟಿಸಿನಲ್ಲಿ ಕೊಟ್ಟಿದ್ದ ಗಡುವಿನೊಳಗೆ ಆಕ್ಷೇಪಣೆ ಬರೆದುಕೊಟ್ಟು, ವಿಚಾರಣೆಯ ದಿನ ದೊಡ್ಡಪ್ಪನವರ ಜೊತೆ ನಾನೂ ಹೋದೆ.

ಕಚೇರಿಯ ಪಡಸಾಲೆಯಲ್ಲಿ ಪಹಣಿ, ಮ್ಯುಟೇಷನ್, ವಂಶವೃಕ್ಷಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಊರಿನ ಅರ್ಧ ಜನ ಕುಳಿತಿದ್ದರು. ನಮ್ಮ ಪಕ್ಕದ ಹೊಲವನ್ನು ವರ್ಷಗಳಿಂದ, ಬೆಳೆಯಲ್ಲಿ ಪಾಲು ಕೊಟ್ಟು, ವಾರಕ್ಕೆ ಮಾಡುತ್ತಿದ್ದ ಹೆಂಗಸು ಕೂಡ ಬಂದಿದ್ದರು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಜಮೀನನ್ನು ಗೇಣಿಗೆ ಕೊಡುವುದೇ ಬಹುಮಟ್ಟಿಗೆ ನಿಷಿದ್ಧವಾದ್ದರಿಂದ ಅವರ ಹೆಸರು ಯಾವ ದಾಖಲೆಯಲ್ಲೂ ಇರಲಿಲ್ಲ. ಉಳುವವರನ್ನು ಒಡೆಯರನ್ನಾಗಿಸಲು ಬಂದ ಕಾನೂನಿನ ನೆರಳಿನಲ್ಲೇ ಇಂದಿನ ಉಳುವವರು ಕಾಣದಂತಾಗಿರುವುದು ನನ್ನನ್ನು ಆ ದಿನ ಬಹಳ ಕಾಡಿತು.

ಎಷ್ಟು ಪರಿಹಾರ ನಿರೀಕ್ಷಿಸುತ್ತೀರಿ ಎಂದು ಅಧಿಕಾರಿ ಸೌಜನ್ಯದಿಂದಲೇ ಕೇಳಿದರು.

"ನಾವು ಬೆಲೆ ಹೇಳೋಕೆ ಬಂದಿಲ್ಲ ಸ್ವಾಮಿ, ಕೊಡಲ್ಲ ಅಂತ ಹೇಳೋಕೆ ಬಂದಿದೀವಿ," ಎಂದರು ದೊಡ್ಡಪ್ಪ.

ಅಧಿಕಾರಿ ಅದನ್ನು ಬರೆದುಕೊಂಡರು. ತೀರ್ಮಾನ ಸರ್ಕಾರದ್ದು ಎಂದರು.

ಇದು ಆ ಅಧಿಕಾರಿಯ ತಪ್ಪಲ್ಲ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಿನ ಸ್ಥಾನ ಕಳೆದುಕೊಂಡು ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎಂದಷ್ಟೇ ಹೇಳುವ ಸಂವಿಧಾನದ 300ಎ ವಿಧಿಗೆ ಸರಿಯಿತು. ಖಾಸಗಿ ಕಂಪನಿಗಾಗಿ ಭೂಮಿ ಪಡೆಯುವಾಗ ಶೇ. 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕೆಂದು 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಹೇಳುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. ಆದರೆ 1966ರ ಕಾಯ್ದೆಯ ದಾರಿಯಲ್ಲಿ ಬಂದ ಸ್ವಾಧೀನಕ್ಕೆ ಈ ಎರಡೂ ಬೇಕಿಲ್ಲ. ಕೈಗಾರಿಕೆ ಬೇಡವೆಂದು ನಾನು ಹೇಳುವುದಿಲ್ಲ. ಕೊಡುವವರ ಒಪ್ಪಿಗೆಯನ್ನೇ ಕೇಳದೆ ಆಕ್ಷೇಪಣೆಯನ್ನು ಮಾತ್ರ ಕೇಳುವುದು ನ್ಯಾಯವಲ್ಲ ಎನ್ನುತ್ತೇನೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಉಳಿಸಿಕೊಳ್ಳಲು ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂರಬೇಕಾಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಹೇಳಿದರು. ಆ ಇಚ್ಛೆಯನ್ನು ಮೊದಲ ಅಧಿಸೂಚನೆಗೆ ಮುಂಚೆಯೇ, ಪಹಣಿಯಲ್ಲಿ ಹೆಸರಿಲ್ಲದೆ ದುಡಿಯುವವರನ್ನೂ ಕೂರಿಸಿಕೊಂಡು, ಗ್ರಾಮಸಭೆಯಲ್ಲಿ ಕೇಳುವಂತೆ 1966ರ ಕಾಯ್ದೆಗೇ ತಿದ್ದುಪಡಿ ಬರಬೇಕು.