ಸ್ವಲ್ಪ ಸುಮ್ನೆ ಕೂತ್ಕೋತೀಯಾ?

ಮಂಗಳವಾರ ಸಂಜೆಯಿಂದ ಈ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ನಮ್ಮ ಸಭೆಯ ಹಿರಿಯರೊಬ್ಬರು ಹಾಸಿಗೆ ಹಿಡಿದು ಮೂರು ತಿಂಗಳಾಯ್ತು. ಪ್ರಾರ್ಥನೆ ಮಾಡಿ ಬರೋಣ ಅಂತ ಹೋಗಿದ್ದೆ. ಹೋದವನೇ ಬೈಬಲ್ ತೆರೆದೆ, ಒಂದು ಭಾಗ ಓದಿ ವಿವರಿಸಿದೆ, ಆಮೇಲೆ ಜೋರಾಗಿ ಪ್ರಾರ್ಥನೆಗೆ ಶುರು ಮಾಡಿದೆ. ಕರ್ತನೇ ಎಬ್ಬಿಸು, ನಿನ್ನ ವಾಗ್ದಾನ ಇದೆ, ಈಗಲೇ ಮುಟ್ಟು ಅಂತ. ತುಂಬಾ ಹೊತ್ತು. ಆಮೆನ್ ಅಂದು ಕಣ್ಣು ಬಿಟ್ಟರೆ ಅವರು ನನ್ನನ್ನೇ ನೋಡುತ್ತಿದ್ದರು. ಅವರ ಬೆರಳು ಹೊದಿಕೆಯ ಅಂಚನ್ನು ಮಡಿಸುತ್ತಿತ್ತು, ಬಿಡಿಸುತ್ತಿತ್ತು, ಮತ್ತೆ ಮಡಿಸುತ್ತಿತ್ತು.

“ಮಗಾ, ಈಗ ಸ್ವಲ್ಪ ಸುಮ್ನೆ ಕೂತ್ಕೋತೀಯಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ನೀರು ಕೇಳುವ ಹಾಗೆ ಕೇಳಿದರು. ಕೂತೆ. ಐದು ನಿಮಿಷ ಕಳೆಯುವುದೇ ಕಷ್ಟವಾಯ್ತು. ನಾನು ಬಾಯಿ ಮುಚ್ಚಿದರೆ ಈ ಕೋಣೆಯಲ್ಲಿ ದೇವರ ಕೆಲಸ ನಿಂತೇ ಹೋಗುತ್ತೆ ಅನ್ನುವ ಹಾಗೆ ಒಳಗೊಂದು ಚಡಪಡಿಕೆ.

ಅವರ ಮಗಳ ವಿಷಯ ಹೇಳಲೇಬೇಕು. ಪ್ರಾರ್ಥನಾ ಕೂಟದಲ್ಲಿ ಆಕೆ ಬಾಯಿ ಬಿಡುವುದೇ ಇಲ್ಲ, ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ವಿಶ್ವಾಸ ಸ್ವಲ್ಪ ಕಡಿಮೆ ಅಂತಲೇ ಅಂದುಕೊಂಡಿದ್ದೆ. ನಾನು ಅಷ್ಟು ಹೊತ್ತು ಪ್ರಾರ್ಥಿಸುವಾಗ ಆಕೆ ಒದ್ದೆ ಬಟ್ಟೆಯಿಂದ ಅಪ್ಪನ ತುಟಿ ಒರೆಸುತ್ತಿದ್ದಳು. ಬಟ್ಟೆ ಹಿಂಡಿದ ಸದ್ದು ನನಗೆ ಅಡ್ಡಿ ಅನ್ನಿಸಿತ್ತು. ಲೂಕ 18ರಲ್ಲಿ ಯೇಸು ಹೇಳುವ ಕಥೆಯ ಫರಿಸಾಯನನ್ನು, ದೇವಾಲಯಕ್ಕೆ ಪ್ರಾರ್ಥನೆಗೆ ಹೋದ ಆ ಧರ್ಮನಿಷ್ಠನನ್ನು, ನೆನಪಿಸಿಕೊಳ್ಳಿ. ವಾರಕ್ಕೆ ಎರಡು ಸಲ ಉಪವಾಸ ಮಾಡ್ತೀನಿ, ದಶಮಾಂಶ ಕೊಡ್ತೀನಿ ಅಂದನಲ್ಲ, ಅದು ಸುಳ್ಳು ಅಂತ ಯೇಸು ಎಲ್ಲೂ ಹೇಳುವುದಿಲ್ಲ. ಅಷ್ಟೆಲ್ಲ ಮಾಡಿಯೂ ದೂರದಲ್ಲಿ ನಿಂತಿದ್ದ, ಜನ ಪಾಪಿ ಅನ್ನುತ್ತಿದ್ದ ಸುಂಕದವನ ಮೇಲೆ ತಾತ್ಸಾರದ ಒಂದು ಕಣ್ಣಿತ್ತು ಅವನಿಗೆ. ನನಗೂ ಇತ್ತು.

ಮನೆಗೆ ಬಂದು ಕೀರ್ತನೆ 131 ತೆಗೆದೆ. ಮೂರೇ ವಚನ. ಇದರ ಮೇಲೆ ನಲವತ್ತು ನಿಮಿಷ ಮಾತಾಡಿದವನು ನಾನು. ನನ್ನ ಹೃದಯದಲ್ಲಿ ಗರ್ವವಿಲ್ಲ ಅನ್ನುವ ದಾವೀದ, ತನ್ನ ಪ್ರಾಣವನ್ನು ಮೊಲೆ ಬಿಡಿಸಿದ ಕೂಸಿಗೆ ಹೋಲಿಸುತ್ತಾನೆ. ಹಾಲು ಕುಡಿಯುವ ಕೂಸು ತಾಯಿಯ ಹತ್ತಿರ ಬಂದರೆ ಹುಡುಕಾಡುತ್ತೆ, ಅಳುತ್ತೆ. ಮೊಲೆ ಬಿಟ್ಟ ಕೂಸು ಸುಮ್ನೆ ಒರಗಿರುತ್ತೆ. ಅದಕ್ಕೆ ಅಮ್ಮ ಇದ್ದರೆ ಸಾಕು. ಆದರೆ ಅಲ್ಲಿಗೆ ಬರುವ ಮೊದಲು ಅದೆಷ್ಟು ರಾತ್ರಿ ಅತ್ತಿರುತ್ತೋ! ಆ ಹಿರಿಯರು ಅಷ್ಟೂ ಅತ್ತು ಮುಗಿಸಿದ್ದಾರೆ ಅಂತ ಈಗ ಅನ್ನಿಸುತ್ತೆ. ನಾನಿನ್ನೂ ಹಾಲಿಗೆ ಕಿರುಚುವ ಕೂಸು.

ಆಮೇಲೆ, ಅಷ್ಟರವರೆಗೂ ತನ್ನ ಬಗ್ಗೆಯೇ ಹೇಳುತ್ತಿದ್ದ ದಾವೀದ ಕೊನೆಯ ವಚನದಲ್ಲಿ ಇಸ್ರಾಯೇಲಿನ ಕಡೆ ತಿರುಗಿ ಯೆಹೋವನನ್ನು ನಿರೀಕ್ಷಿಸು ಅನ್ನುತ್ತಾನೆ. ದೀನತೆಯಿಂದ ನಿರೀಕ್ಷೆಗೆ ಈ ಜಿಗಿತ ಯಾಕೆ ಅಂತ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಎಲ್ಲ ನನ್ನ ಕೈಯಲ್ಲೇ ಇದೆ ಅನ್ನುವವನಿಗೆ ನಿರೀಕ್ಷೆ ಯಾಕೆ ಬೇಕು, ಅಲ್ವಾ? ಯೇಸುವಿನ ಶಿಷ್ಯ ಪೇತ್ರನೂ ತನ್ನ ಪತ್ರದಲ್ಲಿ ಇದನ್ನೇ ಹೇಳುತ್ತಾನೆ. 1 ಪೇತ್ರ 5ರಲ್ಲಿ ತಗ್ಗಿಸಿಕೊಳ್ಳಿ ಅನ್ನುವುದೂ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅನ್ನುವುದೂ ನಮ್ಮ ಕನ್ನಡ ಬೈಬಲಿನಲ್ಲಿ ಎರಡು ಬೇರೆ ಆಜ್ಞೆಗಳ ಹಾಗೆ ಕಾಣುತ್ತವೆ. ಮೂಲ ಗ್ರೀಕಿನಲ್ಲಿ ಅದು ಒಂದೇ ವಾಕ್ಯ, “ಹಾಕುತ್ತಾ ತಗ್ಗಿಸಿಕೊಳ್ಳಿ” ಅನ್ನುವ ರೀತಿ. ಅಂದರೆ ಚಿಂತೆ ಇಳಿಸಿಕೊಡುವುದೇ ತಗ್ಗುವುದು. ಅವರು ಎದ್ದೇಳಬೇಕು ಅನ್ನುವ ಭಾರವನ್ನು ನಾನು ದೇವರಿಗೆ ಒಪ್ಪಿಸಿರಲೇ ಇಲ್ಲ. ಹೆಗಲ ಮೇಲಿಟ್ಟುಕೊಂಡೇ ಪ್ರಾರ್ಥಿಸುತ್ತಿದ್ದೆ. ಇಷ್ಟು ದಿನ ಅದನ್ನೇ ವಿಶ್ವಾಸ ಅಂತ ಕರೆದುಕೊಂಡಿದ್ದೆ.

ನಿನ್ನೆ ಮತ್ತೆ ಹೋದೆ. ನಿದ್ದೆಯಲ್ಲಿದ್ದರು. ಮಗಳು ಬಟ್ಟೆ, ಬಟ್ಟಲು ನನ್ನ ಕೈಗೆ ಕೊಟ್ಟು ಸ್ವಲ್ಪ ಮಲಗಲು ಹೋದಳು. ಎಚ್ಚರವಾದಾಗ ಕೇಳಿದರು, “ಯಾವಾಗ ಬಂದೆ?”

“ಆಗಲೇ ಬಂದೆ.”

ಸರಿ ಅನ್ನುವ ಹಾಗೆ ಕಣ್ಣು ಮುಚ್ಚಿದರು. ನಾನು ಬಟ್ಟೆ ಹಿಂಡಿದೆ.